ವಾರವರ್ಣವು ಪಕ್ಷವರ್ಣವಾದ ಬಗೆ: ಸಯಾಂ ದೇಶದ ಉಡುಪಿನ ಇತಿಹಾಸದಿಂದ ಒಂದು ನಿದರ್ಶನ

೧

ಮನುಷ್ಯನು ತೊಡುವ ಬಟ್ಟೆಯ ಬಣ್ಣವು ಆತನ ರಾಜನಿಷ್ಠೆಯನ್ನೋ ರಾಜದ್ವೇಷವನ್ನೋ ಸಾರುವ ಗುರುತಾಗಿ ಪರಿಣಮಿಸಿದ ಉದಾಹರಣೆಗಳು ಅನೇಕ ದೇಶಗಳ ಇತಿಹಾಸದಲ್ಲಿ ದೊರೆಯುತ್ತವೆ. ಇದಕ್ಕೆ ಕಾರಣವನ್ನು ಹೇಳಹೊರಟವರು ಸಾಮಾನ್ಯವಾಗಿ ಬಣ್ಣದ ಸ್ವಭಾವವನ್ನೇ ಮುಂದಿಡುವರು. ಕೆಂಪು ರಜೋಗುಣದ ವರ್ಣ, ಆದಕಾರಣ ಅದು ದಂಗೆಗೆ ಒಪ್ಪುವುದು. ಬಿಳುಪು ಸತ್ತ್ವದ ವರ್ಣ, ಆದಕಾರಣ ಅದು ಶಾಂತಿಗೆ ತಕ್ಕುದು. ಕಪ್ಪು ತಮಸ್ಸಿನದು, ಆದಕಾರಣ ಅದು ಶೋಕಕ್ಕೆ ಸಲ್ಲುವುದು ಎಂಬುದು ಅವರ ವಾದಸರಣಿ. ಲೋಹಿತ, ಶುಕ್ಲ, ಕೃಷ್ಣ ಎಂಬ ಮೂರು ವರ್ಣಗಳನ್ನು ಮೂರು ಗುಣಗಳಿಗೆ ಹೊಂದಿಸಿಕೊಂಡ ಸಾಂಖ್ಯರ ವ್ಯಾಖ್ಯಾನವು ನಮ್ಮ ದೇಶದಲ್ಲಿ ಈ ವಾದಕ್ಕೆ ಬೆಂಬಲವಾಗಿಯೂ ಒದಗುತ್ತದೆ.

ಈ ಪಕ್ಷವು ಪರೀಕ್ಷೆಗೆ ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಬಣ್ಣದಲ್ಲಿ ಸ್ವತಃ ರಾಜಕೀಯವಾವುದೂ ಇಲ್ಲ. ಎಲ್ಲರಿಗೂ ಸಾಧಾರಣವಾಗಿದ್ದ ಒಂದು ಗುರುತು ಒಬ್ಬ ವ್ಯಕ್ತಿಯದಾಗಿ, ಆ ವ್ಯಕ್ತಿಯ ಹೆಸರಿನಲ್ಲಿ ಒಂದು ಪಕ್ಷದ ಸ್ವತ್ತಾದಾಗ ಮಾತ್ರ ಅದಕ್ಕೆ ಆ ಶಕ್ತಿ ಬರುತ್ತದೆ. ಇದನ್ನು ಸ್ಥಾಪಿಸುವುದಕ್ಕೆ ಸಯಾಂ ದೇಶದ, ಎಂದರೆ ೧೯೩೯ರಿಂದ ಥೈಲೆಂಡ್ ಎಂದು ಕರೆಯಲ್ಪಡುವ ರಾಜ್ಯದ, ಇತ್ತೀಚಿನ ಚರಿತ್ರೆಯನ್ನು ಇಲ್ಲಿ ಆರಿಸಿಕೊಂಡಿದೆ. ಆರಿಸಿಕೊಳ್ಳುವುದಕ್ಕೆ ಕಾರಣವೆರಡು. ಮೊದಲನೆಯದಾಗಿ, ಅಲ್ಲಿಯ ಬಣ್ಣಗಳ ಬೇರು ನಮ್ಮ ಜ್ಯೋತಿಶ್ಶಾಸ್ತ್ರದಲ್ಲಿದೆ. ಎರಡನೆಯದಾಗಿ, ಬಣ್ಣವು ಕಾಲದಿಂದ ವ್ಯಕ್ತಿಗೆ, ವ್ಯಕ್ತಿಯಿಂದ ಪಕ್ಷಕ್ಕೆ ಸಂಕ್ರಮಿಸಿದ ಪ್ರತಿಯೊಂದು ಹೆಜ್ಜೆಗೂ ಅಲ್ಲಿ ಆಧಾರ ದೊರೆಯುತ್ತದೆ.

೨

ಗ್ರಹಗಳಿಗೆ ಬಣ್ಣವನ್ನು ಹೇಳುವುದು ನಮ್ಮಲ್ಲಿ ಪ್ರಾಚೀನವಾದ ಸಂಪ್ರದಾಯ. ಕರ್ಣಾಟಕದ ಯಾವ ಊರಿನ ದೇವಾಲಯದಲ್ಲಾದರೂ ನವಗ್ರಹಗಳ ಕಟ್ಟೆಯನ್ನು ಕಂಡವರಿಗೆ ಇದು ತಿಳಿದ ಸಂಗತಿಯೇ. ಸೂರ್ಯನಿಗೆ ಕೆಂಪು, ಚಂದ್ರನಿಗೆ ಬಿಳುಪು, ಗುರುವಿಗೆ ಹಳದಿ, ಶನಿಗೆ ಕಪ್ಪು ವಸ್ತ್ರವನ್ನು ಹೊದಿಸಿರುತ್ತಾರೆ. ವರಾಹಮಿಹಿರನು ಬೃಹಜ್ಜಾತಕದಲ್ಲಿ ಸೂರ್ಯಾದಿಯಾಗಿ ಏಳು ಗ್ರಹಗಳಿಗೆ ಹೇಳಿರುವ ವರ್ಣಗಳು ಕ್ರಮವಾಗಿ ಇವು: ತಾಮ್ರ, ಶ್ವೇತ, ಅತಿರಕ್ತ, ಹಸುರು, ಹಳದಿ, ಚಿತ್ರ ಮತ್ತು ಕಪ್ಪು. ಗ್ರಹಗಳ ಹೆಸರಿನಿಂದ ವಾರವನ್ನು ಎಣಿಸುವ ಪದ್ಧತಿಯು ನಮ್ಮ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ತಡವಾಗಿ. ಬುಧಗುಪ್ತನ ಕಾಲದ ಏರಣದ ಸ್ತಂಭಶಾಸನವು (ಕ್ರಿ. ಶ. ೪೮೪) ಸುರಗುರುವಿನ ದಿವಸವನ್ನು ಹೆಸರಿಸುತ್ತದೆ. ವಾರವನ್ನು ಹೇಳುವ ಅತಿ ಪ್ರಾಚೀನ ಶಾಸನಗಳಲ್ಲಿ ಅದೊಂದು.

ಈ ವಾರಕ್ರಮವು ಬ್ರಾಹ್ಮಣ ಪುರೋಹಿತರೊಡನೆಯೂ ಜ್ಯೋತಿಷದೊಡನೆಯೂ ಪೂರ್ವದ್ವೀಪಗಳಿಗೂ ಸಯಾಮಿಗೂ ಹೋಯಿತು. ಬ್ಯಾಂಕಾಕಿನಲ್ಲಿ ೧೭೮೪ರಲ್ಲಿ ಕಟ್ಟಿಸಿದ ದೇವಸ್ಥಾನವು ಇಂದಿಗೂ ಆಸ್ಥಾನಬ್ರಾಹ್ಮಣರ ನೆಲೆಯಾಗಿದೆ. ಆ ದೇಶದವರು ಆದಿತ್ಯವಾರವನ್ನು ‘ಆಥಿತ್’ ಎಂದೂ ಸೋಮವಾರವನ್ನು ‘ಚನ್’ ಎಂದೂ ಮಂಗಳವಾರವನ್ನು ‘ಅಂಗ್‌ಖಾನ್’ ಎಂದೂ ಬುಧವಾರವನ್ನು ‘ಫುತ್’ ಎಂದೂ ಶುಕ್ರವಾರವನ್ನು ‘ಸುಕ್’ ಎಂದೂ ಕರೆಯುವರು. ಆದಿತ್ಯ, ಚಂದ್ರ, ಅಂಗಾರ, ಬುಧ, ಶುಕ್ರ ಶಬ್ದಗಳು ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಈಗ ಅಲ್ಲಿ ಮನೆಮಾತಾಗಿರುವ ವಾರವರ್ಣಗಳನ್ನು ನೋಡಿರಿ. ಆದಿತ್ಯವಾರಕ್ಕೆ ಕೆಂಪು, ಸೋಮವಾರಕ್ಕೆ ಹಳದಿ, ಮಂಗಳವಾರಕ್ಕೆ ಗುಲಾಬಿ, ಬುಧವಾರಕ್ಕೆ ಹಸುರು, ಗುರುವಾರಕ್ಕೆ ಕಿತ್ತಳೆ, ಶುಕ್ರವಾರಕ್ಕೆ ತಿಳಿನೀಲಿ, ಶನಿವಾರಕ್ಕೆ ನೇರಿಳೆ. ನಮ್ಮ ಶಾಸ್ತ್ರದೊಡನೆ ಹೋಲಿಸಿದರೆ ಒಂದು ವ್ಯತ್ಯಾಸವು ಒಡನೆಯೇ ಕಣ್ಣಿಗೆ ಬೀಳುವುದು. ವರಾಹಮಿಹಿರನಿಗೆ ಹಳದಿಯು ಬೃಹಸ್ಪತಿಯ ವರ್ಣ, ಚಂದ್ರನದು ಬಿಳುಪು. ಸಯಾಮಿನಲ್ಲಿ ಹಳದಿಯು ಚಂದ್ರನ ಪಾಲಿಗೆ ಬಂದಿದೆ.

ಇದು ಪುರಾತನವಾದ ಪಾಠಭೇದವೆಂದು ತಿಳಿಯುವಂತಿಲ್ಲ. ಸುಂಥೋನ್ ಫು (೧೭೮೬–೧೮೫೫) ಎಂಬ ಪ್ರಖ್ಯಾತ ಕವಿಯು ‘ಸ್ವಸ್ತಿರಕ್ಷಾ’ ಎಂಬ ಕೃತಿಯಲ್ಲಿ ರಾಜರು ಯುದ್ಧಕ್ಕೆ ಹೊರಡುವಾಗ ಯಾವ ವಾರ ಯಾವ ಬಣ್ಣವನ್ನು ಧರಿಸಬೇಕೆಂದು ಹೇಳಿದ್ದಾನೆ. ಅವನ ಮತದಲ್ಲಿ ಸೋಮವಾರಕ್ಕೆ ಕೆನೆಬಿಳುಪು, ಮಂಗಳವಾರಕ್ಕೆ ನೇರಿಳೆ, ಬುಧವಾರಕ್ಕೆ ಕಿತ್ತಳೆಗೆಂಪು, ಶುಕ್ರವಾರಕ್ಕೆ ಮೋಡದ ಬಣ್ಣ, ಶನಿವಾರಕ್ಕೆ ಕಪ್ಪು. ಈಗಿನ ಪಟ್ಟಿಗೂ ಇದಕ್ಕೂ ಪೂರ್ಣವಾಗಿ ಹೊಂದುವುದು ಆದಿತ್ಯವಾರದ ಕೆಂಪೊಂದೇ. ಶನಿವಾರದ ವಿಷಯದಲ್ಲಿ ಕವಿಯು ವರಾಹಮಿಹಿರನೊಡನೆ ನಿಲ್ಲುತ್ತಾನೆ. ಬುಧವಾರದ ವಿಷಯದಲ್ಲಿ ಈಗಿನ ಪಟ್ಟಿಯೇ ವರಾಹಮಿಹಿರನಿಗೆ ಹತ್ತಿರವಾಗಿದೆ. ಇದರಿಂದ ತಿಳಿದುಬರುವುದೇನೆಂದರೆ, ಬಣ್ಣಕ್ಕೂ ವಾರಕ್ಕೂ ಇರುವ ಸಂಬಂಧವು ಸ್ವಾಭಾವಿಕವಲ್ಲ, ಸಾಂಕೇತಿಕ. ಸಂಕೇತವು ಕಾಲಕಾಲಕ್ಕೆ ಬದಲಾಗಿದೆ. ಗುಣವಾದಿಗಳ ಪಕ್ಷಕ್ಕೆ ಇದು ಮೊದಲನೆಯ ಬಾಧಕ.

೩

ಇಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ‘ಸ್ವಸ್ತಿರಕ್ಷಾ’ದ ಬಣ್ಣಗಳು ಕಾಲಕ್ಕೆ ಸೇರಿದವು. ಸೋಮವಾರ ಹೊರಡುವವನು ಯಾರೇ ಆಗಲಿ, ಸೋಮವಾರದ ಬಣ್ಣವನ್ನು ಧರಿಸತಕ್ಕದ್ದು. ಮರುದಿನ ಅವನೇ ಮತ್ತೊಂದು ಬಣ್ಣಕ್ಕೆ ಹೋಗತಕ್ಕದ್ದು. ಏಳು ದಿನಗಳಲ್ಲಿ ಏಳು ಬಣ್ಣಗಳೂ ಒಬ್ಬನ ಮೈಮೇಲೆಯೇ ಸುತ್ತಿ ಬರುವುವು. ಹೀಗಿರುವಲ್ಲಿ ಬಣ್ಣವು ಜನರನ್ನು ಬೇರ್ಪಡಿಸಲಾರದು.

ಇಪ್ಪತ್ತನೆಯ ಶತಮಾನದಲ್ಲಿ ಬಣ್ಣವು ಕಾಲವನ್ನು ಬಿಟ್ಟು ವ್ಯಕ್ತಿಯನ್ನು ಹಿಡಿಯಿತು. ಮನುಷ್ಯನು ಹುಟ್ಟಿದ ವಾರದ ಬಣ್ಣವು ಅವನ ಬಣ್ಣವೆಂದಾಯಿತು. ೧೯೧೭ರ ಸೆಪ್ಟೆಂಬರ್ ೨೮ರಂದು ರಾಜನಾದ ವಜ್ರಾಯುಧನು ಮೂರು ವರ್ಣಗಳ ಧ್ವಜವನ್ನು ಜಾರಿಗೆ ತಂದಾಗ ನಡುವೆ ಕಡುನೀಲಿಯ ಪಟ್ಟಿಯನ್ನು ಇರಿಸಿದನು. ಆ ರಾಜನು ಹುಟ್ಟಿದ್ದು ೧೮೮೧ರ ಜನವರಿ ೧, ಶನಿವಾರ. ಕಡುನೀಲಿಯು ಶನಿವಾರಕ್ಕೆ ಶುಭವೆಂದು ಆಗ ಎಣಿಸಲ್ಪಟ್ಟಿತ್ತು. ಕವಿಯಲ್ಲಿ ಕಪ್ಪಾಗಿದ್ದ ಶನಿವಾರವು ಧ್ವಜದಲ್ಲಿ ಕಡುನೀಲಿಯಾಗಿ ಈಗ ನೇರಿಳೆಯಾಗಿರುವುದು ಗಮನಾರ್ಹ. ಕೆಂಪು ಜನಾಂಗಕ್ಕೆ, ಬಿಳುಪು ಧರ್ಮಕ್ಕೆ, ನೀಲಿ ರಾಜನಿಗೆ ಎಂದು ಧ್ವಜದ ಅರ್ಥವು ರೂಢವಾಯಿತು.

ಭೂಮಿಬಲ ಅತುಲ್ಯತೇಜ ಮಹಾರಾಜನು ಹುಟ್ಟಿದ್ದು ೧೯೨೭ರ ಡಿಸೆಂಬರ್ ೫, ಸೋಮವಾರ. ಅವನು ೧೯೪೬ರ ಜೂನ್ ೯ರಂದು ಪಟ್ಟಕ್ಕೆ ಬಂದು ಎಪ್ಪತ್ತು ವರ್ಷಗಳ ಕಾಲ ಆಳಿದನು. ಈ ದೀರ್ಘಕಾಲದಲ್ಲಿ ಸೋಮವಾರದ ಹಳದಿಯು ರಾಜನ ಹಳದಿಯಾಯಿತು. ಅವನ ಸ್ವಂತ ಧ್ವಜವು ಹಳದಿ. ಶುಕ್ರವಾರ ಹುಟ್ಟಿದ ರಾಣಿ ಸಿರಿಕಿತ್‌ಳ ಧ್ವಜವು ತಿಳಿನೀಲಿ. ಡಿಸೆಂಬರಿನಲ್ಲಿ ಬೀದಿಗಳು ಹಳದಿಯಿಂದಲೂ ಆಗಸ್ಟಿನಲ್ಲಿ ನೀಲಿಯಿಂದಲೂ ಸಿಂಗಾರಗೊಳ್ಳುವುದು ವಾಡಿಕೆಯಾಯಿತು. ಮೂರು ತಲೆಮಾರಿನ ಜನರು ಬೇರೆ ರಾಜನನ್ನು ಕಾಣಲಿಲ್ಲವಾದ್ದರಿಂದ ಅವರಿಗೆ ರಾಜ, ಸೋಮವಾರ, ಹಳದಿ ಎಂಬ ಮೂರೂ ಒಂದೇ ಅರ್ಥದ ಪದಗಳಂತೆ ಆಗಿದ್ದುವು.

ಇಷ್ಟರವರೆಗೂ ಈ ಬಣ್ಣದಲ್ಲಿ ಕಲಹವಿರಲಿಲ್ಲ. ವ್ಯಕ್ತಿಯ ಬಣ್ಣವಾದರೂ ಆ ವ್ಯಕ್ತಿಯು ಎಲ್ಲರಿಗೂ ಒಡೆಯನಾಗಿದ್ದುದರಿಂದ ಬಣ್ಣವೂ ಎಲ್ಲರದಾಗಿಯೇ ಉಳಿದಿತ್ತು. ೨೦೦೬ರ ಜೂನ್ ೯ರಂದು ಪಟ್ಟಕ್ಕೆ ಬಂದ ಅರುವತ್ತನೆಯ ವರ್ಷದ ಉತ್ಸವದಲ್ಲಿ ರಾಜಧಾನಿಯ ಅನಂತ ಸಮಾಗಮ ಸಭಾಮಂದಿರದ ಮುಂದೆ ಲಕ್ಷಗಟ್ಟಲೆ ಜನರು ಹಳದಿ ಅಂಗಿಗಳನ್ನು ತೊಟ್ಟು ನೆರೆದರು. ಆ ವರ್ಷ ಕಚೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ಸೋಮವಾರ ಸೋಮವಾರ ಹಳದಿ ಅಂಗಿಯೇ ಕಾಣುತ್ತಿತ್ತು.

೪

ಆದರೆ ಅಷ್ಟು ಹೊತ್ತಿಗೆ ಬಣ್ಣದ ಮೂರನೆಯ ಸಂಕ್ರಮಣವು ಮೊದಲಾಗಿತ್ತು. ಪತ್ರಿಕೋದ್ಯಮಿಯಾದ ಸೊಂಧಿ ಲಿಮ್‌ತೋಂಗ್‌ಕುಲ್ ಎಂಬವರು ಪ್ರಧಾನಿ ಥಾಕ್ಸಿನ್ ಶಿನವಾತ್ರರ ವಿರುದ್ಧ ೨೦೦೫ರ ಕೊನೆಯಲ್ಲಿ ನಡೆಸಿದ ಸಭೆಗಳಲ್ಲಿ, ರಾಜನಿಗಾಗಿ ಹೋರಾಡುವೆವೆಂಬ ಅರ್ಥದ ಮಾತುಗಳನ್ನು ಅಚ್ಚೊತ್ತಿಸಿದ ಹಳದಿ ಅಂಗಿಗಳು ಕಾಣಿಸಿಕೊಂಡವು. ೨೦೦೬ರ ಫೆಬ್ರವರಿಯಲ್ಲಿ ಈ ವಿರೋಧಿಗಳ ಒಕ್ಕೂಟವು ರೂಪುಗೊಂಡಿತು. ಸೆಪ್ಟೆಂಬರ್ ೧೯ರಂದು ಸೈನ್ಯವು ಸರ್ಕಾರವನ್ನು ಉರುಳಿಸಿದಾಗ ಸೈನಿಕರು ತಮ್ಮ ಯುದ್ಧವಾಹನಗಳಿಗೂ ಬಂದೂಕುಗಳಿಗೂ ಹಳದಿಯ ಪಟ್ಟಿಗಳನ್ನು ಕಟ್ಟಿಕೊಂಡಿದ್ದರು.

ಪರಿಣಾಮವನ್ನು ತರ್ಕದಿಂದ ವಿವೇಚಿಸಬೇಕು. ಆ ದೇಶದ ದಂಡಸಂಹಿತೆಯ ೧೧೨ನೆಯ ಕಲಮು ರಾಜನ ಅವಹೇಳನವನ್ನು ಘೋರಾಪರಾಧವೆಂದು ಶಿಕ್ಷಿಸುತ್ತದೆ. ಹೀಗಿರಲಾಗಿ, ರಾಜನ ಬಣ್ಣವನ್ನು ಒಂದು ಪಕ್ಷವು ತೊಟ್ಟರೆ ಆ ಪಕ್ಷವನ್ನು ವಿರೋಧಿಸುವವನು ರಾಜನನ್ನೇ ವಿರೋಧಿಸುವವನಂತೆ ತೋರುವನು. ಮಾತಿನಿಂದ ಮಾಡಲಾಗದ ಆರೋಪವನ್ನು ಅಂಗಿಯು ಮಾಡಿತು. ಹಳದಿಯವರಿಗೆ ದೊರೆತ ಬಲವಿದು. ಹಳದಿಗೆ ಒದಗಿದ ಕೇಡೂ ಇದೇ. ಸಮಸ್ತರ ಗುರುತನ್ನು ಏಕದೇಶದವರು ಹಿಡಿದುಕೊಂಡಾಗ ಉಳಿದವರು ಅದನ್ನು ಬಿಟ್ಟು ಹೋಗಲೇಬೇಕಾಯಿತು.

ಬಿಟ್ಟುಹೋದವರು ಹಿಡಿದದ್ದು ಕೆಂಪನ್ನು. ೨೦೦೭ರ ಆಗಸ್ಟ್ ೧೯ರಂದು ಸೈನ್ಯವು ಮಾಡಿಸಿದ ಸಂವಿಧಾನದ ಬಗ್ಗೆ ಜನಮತಗಣನೆಯು ನಡೆದಾಗ ಬೇಡವೆನ್ನುವವರು ಕೆಂಪನ್ನು ಗುರುತಾಗಿ ಬಳಸಿದರು. ಥಾಕ್ಸಿನ್‌ರ ಪರವಾದ, ಸೈನ್ಯಾಧಿಪತ್ಯಕ್ಕೆ ವಿರೋಧವಾದ ಚಳವಳಿಯು ಅನಂತರ ಕೆಂಪು ಅಂಗಿಯವರ ಚಳವಳಿಯೆಂದೇ ಹೆಸರಾಯಿತು. ಅವರಲ್ಲಿ ಉತ್ತರ ಮತ್ತು ಈಶಾನ್ಯ ಪ್ರಾಂತಗಳ ಗ್ರಾಮಸ್ಥರೂ ನಗರಗಳಿಗೆ ಕೂಲಿಗೆ ಬಂದವರೂ ಬಹಳವಾಗಿದ್ದರು. ಧ್ವಜದಲ್ಲಿ ಕೆಂಪು ಜನಾಂಗಕ್ಕೆ ಸಲ್ಲುವ ಬಣ್ಣವೆಂಬುದನ್ನು ನೆನೆದರೆ ಇವರ ಆಯ್ಕೆಯು ಅರ್ಥವತ್ತಾಗಿಯೇ ಕಾಣುವುದು.

ಮುಂದಿನ ಘಟನೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಹಳದಿಯವರು ೨೦೦೮ರ ಆಗಸ್ಟ್ ೨೬ರಂದು ಸರ್ಕಾರಿ ಭವನವನ್ನೂ ನವೆಂಬರ್ ೨೫ರಂದು ಸುವರ್ಣಭೂಮಿ ವಿಮಾನನಿಲ್ದಾಣವನ್ನೂ ಆಕ್ರಮಿಸಿದರು. ಕೆಂಪಿನವರು ೨೦೦೯ರ ಏಪ್ರಿಲಿನಲ್ಲಿ ಪಟ್ಟಾಯದ ರಾಷ್ಟ್ರನಾಯಕರ ಸಮ್ಮೇಳನವನ್ನು ನಿಲ್ಲಿಸಿದರು. ೨೦೧೦ರ ಮಾರ್ಚಿಯಿಂದ ಮೇ ತಿಂಗಳವರೆಗೆ ರಾಜಧಾನಿಯ ನಡುವಿನ ರಾಚಪ್ರಸೋಂಗ್ ಕೂಡುದಾರಿಯಲ್ಲಿಯೂ ಇತರ ಕಡೆಗಳಲ್ಲಿಯೂ ಬೀಡುಬಿಟ್ಟರು. ಮೇ ೧೯ರಂದು ಸೈನ್ಯವು ಅವರನ್ನು ಚದುರಿಸಿತು. ಆ ಎರಡು ಮೂರು ತಿಂಗಳುಗಳಲ್ಲಿ ಸತ್ತವರ ಸಂಖ್ಯೆ ೯೦ಕ್ಕೂ ಹೆಚ್ಚು.

೫

ರಣರಂಗದ ಬಣ್ಣವು ಮನೆಯ ಬಟ್ಟೆಯ ಪೆಟ್ಟಿಗೆಯನ್ನು ಹೊಕ್ಕ ಬಗೆಯು ನಮ್ಮ ಪ್ರಕೃತವಿಷಯಕ್ಕೆ ಹೆಚ್ಚು ಮುಖ್ಯವಾದದ್ದು. ಯಾವ ಪಕ್ಷಕ್ಕೂ ಸೇರದ ಗೃಹಸ್ಥರು ಕೆಂಪನ್ನೂ ಹಳದಿಯನ್ನೂ ಎರಡನ್ನೂ ತೊಡುವುದನ್ನು ಬಿಟ್ಟರು. ರಾಜನ ಮೇಲಣ ಪ್ರೀತಿಯಿಂದ ೨೦೦೬ರಲ್ಲಿ ಕೊಂಡ ಹಳದಿ ಅಂಗಿಯನ್ನೇ ೨೦೦೮ರಲ್ಲಿ ಹೊರಗೆ ತೊಟ್ಟು ಹೋಗುವುದಕ್ಕೆ ಎರಡು ಬಾರಿ ಆಲೋಚಿಸಬೇಕಾಯಿತು. ಅಂಗಿಯು ಅದೇ, ತೊಟ್ಟವನೂ ಅವನೇ, ಅವನ ಮನಸ್ಸೂ ಬದಲಾಗಿರಲಿಲ್ಲ. ಆದರೂ ಅರ್ಥವು ಬದಲಾಗಿತ್ತು. ಬಣ್ಣದ ಅರ್ಥವು ತೊಟ್ಟವನ ಅಭಿಪ್ರಾಯದಲ್ಲಿಲ್ಲ, ನೋಡುವವರ ಗ್ರಹಿಕೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಜನರು ಬೇರೆ ಬಣ್ಣಗಳಿಗೆ ಓಡಿದರು. ೨೦೦೭ರ ನವೆಂಬರಿನಲ್ಲಿ ರಾಜನು ಗುಲಾಬಿ ಬಣ್ಣದ ಮೇಲಂಗಿಯನ್ನು ತೊಟ್ಟು ಆಸ್ಪತ್ರೆಯಿಂದ ಹೊರಬಂದಾಗ ಗುಲಾಬಿಯ ಅಂಗಿಗಳಿಗಾಗಿ ಅಂಗಡಿಗಳ ಮುಂದೆ ಜನರು ಸಾಲುಗಟ್ಟಿ ನಿಂತರು. ಪಕ್ಷದ ಕಲೆ ತಗುಲದ ರಾಜಭಕ್ತಿಯ ಬಣ್ಣವೊಂದು ಅವರಿಗೆ ಬೇಕಾಗಿತ್ತೆಂದು ಊಹಿಸಬಹುದು. ೨೦೧೦ರಲ್ಲಿ ಕೆಂಪಿನವರಿಗೆ ಎದುರಾಗಿ ನೆರೆದವರಲ್ಲಿ ಕೆಲವರು ತಾವು ಹಳದಿಯವರೂ ಅಲ್ಲವೆಂದು ಹೇಳಿ ‘ಹಲಬಣ್ಣದವರು’ ಎಂದು ಕರೆದುಕೊಂಡರು. ಆದರೆ ಜನವಾಣಿಯು ಅವರನ್ನೂ ಬಿಡಲಿಲ್ಲ. ಬಣ್ಣಬಣ್ಣದ ಶಾವಿಗೆಯನ್ನು ತೆಂಗಿನ ಹಾಲಿನಲ್ಲಿ ಹಾಕಿ ಮಾಡುವ ‘ಸಲಿಂ’ ಎಂಬ ಸಿಹಿತಿಂಡಿಯ ಹೆಸರನ್ನೇ ಅವರಿಗೆ ಕೊಟ್ಟು ಹಾಸ್ಯಮಾಡಿದರು. ಹಸುರು ಸಮವಸ್ತ್ರದೊಳಗೆ ಕೆಂಪು ಹೃದಯವುಳ್ಳ ಸೈನಿಕನು ‘ಕಲ್ಲಂಗಡಿ’ ಎನಿಸಿದನು. ಕೆಂಪಿನವರ ಕಡೆಗೆ ಒಲಿದ ಪೊಲೀಸಿನವನು ‘ಟೊಮೇಟೊ’ ಎನಿಸಿದನು. ಬಣ್ಣವು ಮೇಲಿನ ಬಟ್ಟೆಯಿಂದ ಒಳಗಿನ ಮನಸ್ಸಿಗೆ ಇಳಿದುದರ ಕುರುಹು ಇದು. ಬಟ್ಟೆಯನ್ನು ಬದಲಿಸಿದರೂ ಇನ್ನು ಬಿಡುಗಡೆಯಿರಲಿಲ್ಲ.

ಪ್ರಾಚೀನವಾದ ವಾರವರ್ಣವು ಒಮ್ಮೆ ರಕ್ಷಣೆಯಾಗಿಯೂ ಒದಗಿದ್ದುಂಟು. ೨೦೧೦ರ ಮೇ ತಿಂಗಳ ಹತ್ಯೆಗಳ ತರುವಾಯ ರಾಜಧಾನಿಯಲ್ಲಿ ತುರ್ತುಶಾಸನವು ಜಾರಿಯಲ್ಲಿದ್ದು, ಐದು ಅಥವಾ ಅದಕ್ಕಿಂತ ಹೆಚ್ಚು ಜನರು ರಾಜಕೀಯಕ್ಕಾಗಿ ಕೂಡುವುದು ನಿಷಿದ್ಧವಾಗಿತ್ತು. ಆಗ ಸೊಂಬತ್ ಬೂನ್‌ಗಾಮನೊಂಗ್ ಎಂಬ ಚಳವಳಿಗಾರರು ‘ಕೆಂಪು ಆದಿತ್ಯವಾರ’ ಎಂಬ ಕೂಟವನ್ನು ಆರಂಭಿಸಿದರು. ಆದಿತ್ಯವಾರ ಕೆಂಪನ್ನು ತೊಡಿರಿ ಎಂಬುದಷ್ಟೇ ಅವರ ಕರೆ. ಆದಿತ್ಯವಾರಕ್ಕೆ ಕೆಂಪು ಪುರಾತನ ವಿಧಿ. ಅದನ್ನು ತೊಟ್ಟವನಲ್ಲಿ ಅಪರಾಧವಾವುದು? ಆದರೂ ರಾಚಪ್ರಸೋಂಗಿನ ಹೆಸರುಗಂಬಕ್ಕೆ ಕೆಂಪು ಬಟ್ಟೆಯನ್ನು ಕಟ್ಟುವಾಗ ಜೂನಿನಲ್ಲಿ ಅವರನ್ನು ಬಂಧಿಸಿದರು. ಕವಿ ಸುಂಥೋನ್ ಫುವಿನಿಂದ ಈವರೆಗೆ ಬದಲಾಗದೆ ನಿಂತ ಏಕಮಾತ್ರ ವಾರವರ್ಣವು ಇದೆಂಬುದನ್ನು ವಾಚಕರು ಮರೆಯಬಾರದು. ಶಾಸ್ತ್ರದ ಕೆಂಪೂ ಪಕ್ಷದ ಕೆಂಪೂ ಕಣ್ಣಿಗೆ ಒಂದೇ. ಅವುಗಳನ್ನು ಬೇರ್ಪಡಿಸುವ ಅಧಿಕಾರವು ಶಾಸ್ತ್ರಜ್ಞನ ಕೈಯಿಂದ ಪೊಲೀಸರ ಕೈಗೆ ಹೋಗಿತ್ತು.

೨೦೧೪ರ ಮೇ ೨೨ರಂದು ಮತ್ತೆ ಸೈನ್ಯಾಧಿಪತ್ಯವು ಬಂದ ಮೇಲೆ ಇದು ಉಡುಪನ್ನೂ ದಾಟಿತು. ೨೦೧೬ರ ಸೋಂಗ್‌ಕ್ರಾನ್ ಹಬ್ಬಕ್ಕೆ, ಎಂದರೆ ಸೌರಮಾನದ ಮೇಷಸಂಕ್ರಾಂತಿಗೆ, ಮುಂಚೆ ಥಾಕ್ಸಿನ್‌ರ ಶುಭಾಶಯವಿದ್ದ ಕೆಂಪು ನೀರಿನ ಬಟ್ಟಲುಗಳು ಹಂಚಲ್ಪಟ್ಟವು. ಅಂತಹ ಬಟ್ಟಲನ್ನು ಹಿಡಿದ ತನ್ನ ಚಿತ್ರವನ್ನು ಪ್ರಕಟಿಸಿದ ಚಿಯಾಂಗ್‌ಮಾಯ್ ಪ್ರಾಂತದ ಒಬ್ಬ ಹೆಂಗಸಿನ ಮೇಲೆ ರಾಜದ್ರೋಹದ ಆರೋಪವು ಬಂದಿತು.

೬

ಪೂರ್ವಪಕ್ಷಿಯು ಇಲ್ಲಿ ಹೀಗೆ ಕೇಳಬಹುದು: ಇದೆಲ್ಲವೂ ವಾರವರ್ಣದಲ್ಲಿ ಶ್ರದ್ಧೆಯುಳ್ಳ ಒಂದು ಜನಾಂಗದ ವಿಶೇಷವಲ್ಲವೆ? ಅಲ್ಲವೆಂಬುದಕ್ಕೆ ಕಾನ್‌ಸ್ಟಾಂಟಿನೋಪಲ್ ನಗರವೇ ಸಾಕ್ಷಿ. ಅಲ್ಲಿ ನೀಲಿ ಮತ್ತು ಹಸುರು ರಥದ ಪಂದ್ಯದಲ್ಲಿ ಸಾರಥಿಗಳನ್ನು ಗುರುತಿಸುವುದಕ್ಕಾಗಿ ಇದ್ದ ಬಣ್ಣಗಳು. ಅವೇ ಪಕ್ಷಗಳಾಗಿ, ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ ಕ್ರಿ. ಶ. ೫೩೨ರಲ್ಲಿ ನಗರವನ್ನೇ ಸುಟ್ಟ ದಂಗೆಗೆ ಕಾರಣವಾದುವು. ಸತ್ತವರು ೩೦,೦೦೦ಕ್ಕೂ ಮಿಕ್ಕಿದರೆಂದು ಇತಿಹಾಸಕಾರನಾದ ಪ್ರೊಕೋಪಿಯಸನು ಬರೆದಿದ್ದಾನೆ. ಅಲ್ಲಿ ಆ ಬಣ್ಣಗಳ ಹಿಂದೆ ವಾರಶಾಸ್ತ್ರವೂ ಇರಲಿಲ್ಲ, ರಾಜನ ಜನ್ಮವೂ ಇರಲಿಲ್ಲ. ಪಕ್ಷವು ಹಿಡಿದದ್ದೇ ಸಾಕಾಯಿತು.

ಬಣ್ಣವು ರಾಜಕೀಯವಾಗಿದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸುವ ಕ್ರಮವೂ ಈ ಚರಿತ್ರೆಯಿಂದ ಸಿದ್ಧಿಸುತ್ತದೆ. ತೊಟ್ಟವನನ್ನು ನೋಡಿದರೆ ಸಾಲದು. ತೊಡದವನ ಗತಿಯೇನೆಂದು ವಿಚಾರಿಸಬೇಕು. ನೈಯಾಯಿಕರ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಅನ್ವಯಕ್ಕಿಂತ ವ್ಯತಿರೇಕವು ಬಲವತ್ತರ. ಭೂಮಿಬಲ ಮಹಾರಾಜನು ೨೦೧೬ರ ಅಕ್ಟೋಬರ್ ೧೩ರಂದು ಕಾಲವಾದಾಗ ದೇಶವೆಲ್ಲವೂ ಕಪ್ಪನ್ನು ಧರಿಸಿತು. ಕಪ್ಪು ಬಟ್ಟೆಯು ಸಾಲದೆ ಹೋಗಿ ಜನರು ಇದ್ದ ಅಂಗಿಗಳನ್ನೇ ಬಣ್ಣದ ಹಂಡೆಯಲ್ಲಿ ಅದ್ದಿಸಿಕೊಂಡರು. ಕೊಳ್ಳಲಾರದ ಬಡವರು ಕಪ್ಪು ಪಟ್ಟಿಯೊಂದನ್ನು ಚುಚ್ಚಿಕೊಂಡರು. ಆ ಶೋಕವು ನಿಜವಾದದ್ದೇ. ಆದರೆ ಕಪ್ಪನ್ನು ತೊಡದವರನ್ನು ಜನರು ಬೀದಿಯಲ್ಲಿ ನಿಂದಿಸತೊಡಗಿದಾಗ, ಹಾಗೆ ಮಾಡಬೇಡಿರೆಂದು ಸರ್ಕಾರವೇ ಕೇಳಿಕೊಳ್ಳಬೇಕಾಯಿತು. ಶೋಕದ ಬಣ್ಣವು ಆಜ್ಞೆಯ ಬಣ್ಣವಾದದ್ದು ಆ ಕ್ಷಣದಲ್ಲಿ.

ಈ ಶಕ್ತಿಯು ಬಣ್ಣದಲ್ಲಿ ಶಾಶ್ವತವಾಗಿ ನಿಲ್ಲುವುದಿಲ್ಲವೆಂಬುದನ್ನೂ ಹೇಳಬೇಕು. ಈಗಿನ ರಾಜನಾದ ವಜ್ರಾಲಂಕಾರನೂ ಸೋಮವಾರವೇ (೧೯೫೨ರ ಜುಲೈ ೨೮) ಹುಟ್ಟಿದವನಾದ್ದರಿಂದ ೨೦೧೯ರ ಮೇ ತಿಂಗಳ ಪಟ್ಟಾಭಿಷೇಕದಲ್ಲಿ ಹಳದಿಯು ಉತ್ಸವವರ್ಣವಾಗಿ ಮರಳಿ ಬಂದಿತು. ೨೦೨೩ರ ಮೇ ೧೪ರ ಚುನಾವಣೆಯಲ್ಲಿ ೫೦೦ ಸ್ಥಾನಗಳ ಪೈಕಿ ೧೫೧ನ್ನು ಗೆದ್ದು ಮೊದಲನೆಯದಾಗಿ ಬಂದ ಪಕ್ಷದ ಬಣ್ಣವು ಕೆಂಪೂ ಅಲ್ಲ, ಹಳದಿಯೂ ಅಲ್ಲ, ಕಿತ್ತಳೆ. ಅದೇ ವರ್ಷದ ಆಗಸ್ಟಿನಲ್ಲಿ ಕೆಂಪಿನವರ ಪಕ್ಷವು ತನ್ನ ಹಿಂದಿನ ವೈರಿಗಳೊಡನೆ ಕೂಡಿ ಸರ್ಕಾರವನ್ನು ರಚಿಸಿತು. ಯಾವ ಎರಡು ಬಣ್ಣಗಳಿಗಾಗಿ ಜನರು ಪ್ರಾಣವನ್ನು ತೆತ್ತಿದ್ದರೋ ಆ ಎರಡರ ಮುಖಂಡರು ಒಂದೇ ಪಂಕ್ತಿಯಲ್ಲಿ ಕುಳಿತರು. ಕಿತ್ತಳೆಯ ಪಕ್ಷವನ್ನು ನ್ಯಾಯಾಲಯವು ೨೦೨೪ರ ಆಗಸ್ಟ್ ೭ರಂದು ವಿಸರ್ಜಿಸಿತು.

ಒಟ್ಟಿನಲ್ಲಿ ಸಿದ್ಧಾಂತವಿದು. ಕಾಲಕ್ಕೆ ಸೇರಿದ ಬಣ್ಣವು ಎಲ್ಲರನ್ನೂ ಸರದಿಯಿಂದ ಹೊಂದುವುದು; ವ್ಯಕ್ತಿಗೆ ಸೇರಿದ ಬಣ್ಣವು ಆ ವ್ಯಕ್ತಿಯು ಸರ್ವರಿಗೂ ಸಮನಾಗಿರುವವರೆಗೆ ಕೂಡಿಸುವುದು; ಪಕ್ಷಕ್ಕೆ ಸೇರಿದ ಬಣ್ಣವು ತೊಟ್ಟವನನ್ನೂ ತೊಡದವನನ್ನೂ ಸಮಾನವಾಗಿ ಬಂಧಿಸುವುದು. ಈ ಮೂರನೆಯ ಸ್ಥಿತಿಯಲ್ಲಿ ನಷ್ಟಪಡುವವರು ಮುಖ್ಯವಾಗಿ ಎದುರಾಳಿಗಳಲ್ಲ. ಬೆಳಗ್ಗೆ ಕೈಗೆ ಸಿಕ್ಕ ಅಂಗಿಯನ್ನು ತೊಟ್ಟು ಕೆಲಸಕ್ಕೆ ಹೋಗುವ ಸಾಮಾನ್ಯನು ಅದರಲ್ಲಿ ತನ್ನ ಮೌನವನ್ನು ಕಳೆದುಕೊಳ್ಳುತ್ತಾನೆ. ಬಟ್ಟೆಗೆ ಯಾವ ಅರ್ಥವೂ ಇಲ್ಲದಿರುವುದು ಪ್ರಜೆಗೆ ಒಂದು ದೊಡ್ಡ ಸೌಕರ್ಯ. ಆ ಸೌಕರ್ಯವು ತಪ್ಪಿಹೋದ ಮೇಲೆಯೇ ಅದು ಇತ್ತೆಂಬುದು ಅರಿವಿಗೆ ಬರುವುದೆಂದು ಸಯಾಮಿನ ಈ ಇಪ್ಪತ್ತು ವರ್ಷಗಳ ಚರಿತ್ರೆಯು ತಿಳಿಸುತ್ತದೆ. ಇತರ ದೇಶಗಳ ಉಡುಪಿನ ಇತಿಹಾಸವನ್ನು ಬರೆಯುವವರು ಬಣ್ಣದ ಗುಣವನ್ನು ಹುಡುಕುವುದನ್ನು ಬಿಟ್ಟು, ಅದು ಯಾರಿಂದ ಯಾರ ಕೈಗೆ ಹೋಯಿತೆಂಬುದನ್ನು ಹುಡುಕಿದರೆ ಹೆಚ್ಚು ಪ್ರಯೋಜನವಾದೀತೆಂದು ನಮ್ಮ ವಿನಯಪೂರ್ವಕವಾದ ಸೂಚನೆ.